ಎಷ್ಟು ಸಿಸಿ ಎಂಬ ತಪ್ಪು ಪ್ರಶ್ನೆ

ಮಗನಿಗೋ ಮಗಳಿಗೋ ಹದಿನೆಂಟು ತುಂಬಿ ಮನೆಯಲ್ಲಿ ಬೈಕಿನ ಮಾತು ಎದ್ದಿತೆಂದರೆ ಎರಡು ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಮಕ್ಕಳದು ‘ಎಷ್ಟು ಸಿಸಿ?’, ಅಪ್ಪನದು ‘ಮೈಲೇಜ್ ಎಷ್ಟು ಬರುತ್ತೆ?’ ಎರಡಕ್ಕೂ ಷೋರೂಮಿನ ಹುಡುಗನ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. ಯಾರೂ ಕೇಳದ ಪ್ರಶ್ನೆ ಮೂರನೆಯದು: ಓಡಿಸಲು ಬಾರದವರ ಕೈಯಲ್ಲಿ ಈ ಗಾಡಿ ಹೇಗೆ ನಡೆದುಕೊಳ್ಳುತ್ತದೆ? ಕ್ಲಚ್ ಫಕ್ಕನೆ ಬಿಟ್ಟಾಗ, ಬ್ರೇಕನ್ನು ಗಾಬರಿಯಲ್ಲಿ ಅಮುಕಿದಾಗ, ತಿರುವಿನಲ್ಲಿ ವೇಗ ಒಂದಿಷ್ಟು ಹೆಚ್ಚಾದಾಗ ಅದು ನಮ್ಮ ತಪ್ಪನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ? ಮೊದಲ ಬೈಕು ಎಂದರೆ ಕಲಿಯುವ ಬೈಕು, ಕಲಿಯುವಾಗ ತಪ್ಪುಗಳು ಆಗಿಯೇ ಆಗುತ್ತವೆ. ಆ ತಪ್ಪುಗಳ ಬೆಲೆ ಎಲ್ಲಿ ಕಡಿಮೆಯೋ ಅದೇ ಒಳ್ಳೆಯ ಮೊದಲ ಬೈಕು ಎನ್ನುವುದು ನನ್ನ ವಾದ. ಆ ಬೆಲೆಯನ್ನು ಲೆಕ್ಕ ಹಾಕಲು ಪಿಯುಸಿ ಭೌತಶಾಸ್ತ್ರ ಸಾಕು.

ಸಿಸಿಯಿಂದಲೇ ಶುರುಮಾಡೋಣ. ಪಿಸ್ಟನ್ ಸಿಲಿಂಡರಿನ ಕೆಳತುದಿಯಿಂದ ಮೇಲ್ತುದಿಗೆ ಸರಿದಾಗ ಎಷ್ಟು ಜಾಗವನ್ನು ಗುಡಿಸಿಕೊಂಡು ಹೋಗುತ್ತದೆ ಎನ್ನುವುದರ ಅಳತೆ ಅದು, ಘನ ಸೆಂಟಿಮೀಟರುಗಳಲ್ಲಿ. ಎಂಜಿನ್ನಿನ ಹೊಟ್ಟೆಯ ಗಾತ್ರ ಎನ್ನಿ. ಹೊಟ್ಟೆ ನೋಡಿ ತೋಳಿನ ಬಲ ಹೇಳಲು ಬರುವುದಿಲ್ಲ. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಯಮಹಾ ಆರ್‌ಎಕ್ಸ್ 100ರದು 98 ಸಿಸಿ. ಇಂದಿಗೂ ಊರೂರಿನಲ್ಲಿ ಕಾಣುವ ಸ್ಪ್ಲೆಂಡರಿನದು 97. ಸಿಸಿಯಲ್ಲಿ ಅಣ್ಣತಮ್ಮಂದಿರು. ಆದರೆ ಮೊದಲನೆಯದರ ಶಕ್ತಿ 11 ಅಶ್ವಶಕ್ತಿ, ಎರಡನೆಯದರದು 8. ಆರ್‌ಎಕ್ಸ್ ಟೂ-ಸ್ಟ್ರೋಕ್, ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಉರಿತ. ಸ್ಪ್ಲೆಂಡರ್ ಫೋರ್-ಸ್ಟ್ರೋಕ್, ಎರಡು ಸುತ್ತಿಗೆ ಒಮ್ಮೆ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಹುಡುಗರು ಹಳೆಯ ಆರ್‌ಎಕ್ಸ್‌ಗಳನ್ನು ಇನ್ನೂ ಹುಡುಕಿ ಹುಡುಕಿ ಕೊಳ್ಳುತ್ತಾರೆ, ಹೊಸ ಬೈಕಿನ ದುಡ್ಡು ಸುರಿದು. ಅದರ ಸದ್ದಿಗೆ ಮನಸೋಲುವುದು ಸಹಜವೇ. ಆದರೂ ನೂರು ಕಿಲೋ ಆಸುಪಾಸಿನ ಮೈಗೆ 11 ಕುದುರೆ ಕಟ್ಟಿ, ನಿಲ್ಲಿಸಲು ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು ಕೊಟ್ಟ ಗಾಡಿ ಅದು. ಕಲಿಯಲು ತಕ್ಕುದಲ್ಲ ಎಂದರೆ ಅಭಿಮಾನಿಗಳಿಗೆ ಸಿಟ್ಟು ಬರುತ್ತದೆ. ಬರಲಿ.

ಇವತ್ತಿನ ಷೋರೂಮಿನಲ್ಲಿ ಈ ಅಂತರ ಇನ್ನೂ ದೊಡ್ಡದು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 349 ಸಿಸಿಗೆ ಸುಮಾರು 20 ಅಶ್ವಶಕ್ತಿ. ಹೊಸ ಕೆಟಿಎಂ 390 ಡ್ಯೂಕ್‌ನಲ್ಲಿ 399 ಸಿಸಿಗೆ ಸುಮಾರು 46. ಸಿಸಿ ಐವತ್ತು ಹೆಚ್ಚಿದ್ದಕ್ಕೆ ಶಕ್ತಿ ಎರಡು ಪಟ್ಟು ದಾಟಿತು. ಶಕ್ತಿ ಎಂದರೆ ತಿರುಚುಬಲ (ಟಾರ್ಕ್) ಮತ್ತು ಸುತ್ತುವ ವೇಗ ಇವೆರಡರ ಗುಣಲಬ್ಧ. ನಿಮಿಷಕ್ಕೆ ಆರು ಸಾವಿರ ಸುತ್ತಿಗೆ ತೃಪ್ತಿಪಡುವ ಎಂಜಿನ್ನು ಒಂದು ಬಗೆ, ಎಂಟೊಂಬತ್ತು ಸಾವಿರಕ್ಕೆ ಹೋದ ಮೇಲೂ ಉಸಿರು ಕಟ್ಟದ ಎಂಜಿನ್ನು ಇನ್ನೊಂದು ಬಗೆ. ಸಿಸಿಯ ಸಂಖ್ಯೆ ಇದನ್ನು ಹೇಳುವುದೇ ಇಲ್ಲ.

ಹಾಗಾದರೆ ಎಷ್ಟು ಶಕ್ತಿ ಬೇಕು? ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಬೈಕಿಗೆ ಅಡ್ಡಿ ಎರಡೇ: ಟೈರು ನಲುಗಿ ಉರುಳುವಾಗಿನ ತಡೆ ಮತ್ತು ಗಾಳಿ. ಟೈರಿನ ತಡೆ ವೇಗದೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆ ತಡೆಯನ್ನು ನೂಕಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. 112 ಕಿಲೋ ಬೈಕಿನ ಮೇಲೆ 65 ಕಿಲೋ ಸವಾರ ನೆಟ್ಟಗೆ ಕೂತಿದ್ದಾನೆ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಗಂಟೆಗೆ 50 ಕಿಲೋಮೀಟರಿಗೆ ಬೇಕಾಗುವುದು ಸುಮಾರು ಎರಡು ಅಶ್ವಶಕ್ತಿ. ಎರಡೇ! 80ಕ್ಕೆ ಸುಮಾರು ಆರೂವರೆ. 100ಕ್ಕೆ ಹನ್ನೆರಡು. 120ಕ್ಕೆ ಇಪ್ಪತ್ತರ ಹತ್ತಿರ. ಎಂಟು ಕುದುರೆಯ ಸ್ಪ್ಲೆಂಡರ್ ತೊಂಬತ್ತರ ಆಸುಪಾಸಿನಲ್ಲಿ ಏದುಸಿರು ಬಿಡುವುದೂ ಇಪ್ಪತ್ತರ ಕ್ಲಾಸಿಕ್ 120ರ ಹತ್ತಿರ ಸುಸ್ತಾಗುವುದೂ ಇದೇ ಲೆಕ್ಕದ ಫಲ. ಘನದ ನಿಯಮಕ್ಕೆ ಇನ್ನೊಂದು ಮುಖವಿದೆ: ಎಂಜಿನ್ನಿನ ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ಗರಿಷ್ಠ ವೇಗ ಕಾಲು ಭಾಗದಷ್ಟು ಮಾತ್ರ ಏರುತ್ತದೆ. ಉಳಿದ ಶಕ್ತಿಯೆಲ್ಲ ಖರ್ಚಾಗುವುದು ಆ ವೇಗವನ್ನು ಬೇಗ ಮುಟ್ಟಲಿಕ್ಕೆ.

ಘಾಟಿ ಹತ್ತಬೇಕಲ್ಲ ಎನ್ನುವಿರಾ? ನೂರು ಮೀಟರಿಗೆ ಎಂಟು ಮೀಟರು ಏರುವ ರಸ್ತೆಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಗಂಟೆಗೆ 40ರಲ್ಲಿ ಹೋಗಲು ನಾಲ್ಕು ನಾಲ್ಕೂವರೆ ಅಶ್ವಶಕ್ತಿ ಸಾಕು. ನೂರು ಸಿಸಿ ಬೈಕಿನಲ್ಲಿ ಮೂವರು ಕೂತು, ಹಾಲಿನ ಕ್ಯಾನು ತೂಗುಹಾಕಿಕೊಂಡು ಮಲೆನಾಡಿನ ಏರು ಹತ್ತುವ ದೃಶ್ಯ ನೋಡಿದವರಿಗೆ ಇದು ಹೊಸ ವಿಷಯವಲ್ಲ (ಮೂವರು ಕೂರುವುದು ಕಾನೂನಿಗೆ ವಿರುದ್ಧ ಎನ್ನುವುದೂ ಹೊಸ ವಿಷಯವಲ್ಲ). ದಿನವೂ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮೊದಲ ಗೇರಿನಿಂದ ಎರಡನೇ ಗೇರಿಗೆ ಏರಲು ಕಾಯುವವರಿಗಂತೂ ನಲವತ್ತು ಕುದುರೆಯಿಂದ ಸಿಗುವುದು ತೊಡೆಗೆ ಬಡಿಯುವ ಬಿಸಿ ಮಾತ್ರ.

ನಿಜವಾಗಿ ನೋಡಬೇಕಾದದ್ದು ಶಕ್ತಿ ಮತ್ತು ಒಟ್ಟು ತೂಕದ ಅನುಪಾತ. 65 ಕಿಲೋ ಸವಾರನನ್ನೂ ಸೇರಿಸಿದರೆ ಸ್ಪ್ಲೆಂಡರಿಗೆ ಟನ್ನಿಗೆ ಸುಮಾರು 45 ಅಶ್ವಶಕ್ತಿ ಬರುತ್ತದೆ. 390 ಡ್ಯೂಕ್‌ಗೆ ಸುಮಾರು 197. ನಮ್ಮ ಬೀದಿಯ ಸಣ್ಣ ಪೆಟ್ರೋಲ್ ಕಾರುಗಳಿಗೆ ಎಂಬತ್ತರ ಸುತ್ತಮುತ್ತ. ಎಂದರೆ ಕಲಿಯುವ ಹುಡುಗನಿಗೆ ಡ್ಯೂಕ್ ಕೊಡಿಸುವುದೆಂದರೆ ಕಾರಿಗಿಂತ ಎರಡು ಪಟ್ಟಿಗೂ ಹೆಚ್ಚು ಚುರುಕಾದ, ಎರಡೇ ಚಕ್ರದ, ಗೋಡೆಯಿಲ್ಲದ ವಾಹನವೊಂದನ್ನು ಕೊಡಿಸಿದಂತೆ. ಯುರೋಪಿನವರು ಈ ಅನುಪಾತವನ್ನು ಕಾನೂನಿನೊಳಗೇ ಬರೆದಿಟ್ಟಿದ್ದಾರೆ. ಅಲ್ಲಿ ಹದಿನಾರಕ್ಕೆ ಸಿಗುವ ಎ1 ಪರವಾನಗಿಗೆ 125 ಸಿಸಿ, 11 ಕಿಲೋವ್ಯಾಟ್ ಮಿತಿ. ಹದಿನೆಂಟಕ್ಕೆ, ಅದಕ್ಕೆಂದೇ ಇರುವ ಪರೀಕ್ಷೆ ಪಾಸಾದರೆ, ಎ2: 35 ಕಿಲೋವ್ಯಾಟ್, ಅದೂ ತೂಕದ ಕಿಲೋ ಒಂದಕ್ಕೆ 0.2 ಕಿಲೋವ್ಯಾಟ್ ಮೀರದಂತೆ. ಮಿತಿಯಿಲ್ಲದ ಬೈಕು ಬೇಕೆಂದರೆ ಎ2ದಲ್ಲಿ ಎರಡು ವರ್ಷ ಪಳಗಬೇಕು, ಇಲ್ಲವೇ ಸಾಮಾನ್ಯವಾಗಿ ಇಪ್ಪತ್ನಾಲ್ಕು ತುಂಬಬೇಕು. ಆಸ್ಟ್ರೇಲಿಯಾದಲ್ಲಿ ಕಲಿಯುವವರಿಗೆ ಟನ್ನಿಗೆ 150 ಕಿಲೋವ್ಯಾಟ್ ಮಿತಿ. ನಮ್ಮಲ್ಲಿ ‘ಗೇರ್ ಇರುವ ಮೋಟಾರ್ ಸೈಕಲ್’ ಎಂಬುದು ಒಂದೇ ವರ್ಗ. ಮೂವತ್ತು ದಿನ ಹಳೆಯದಾದ ಕಲಿಕಾ ಪರವಾನಗಿ (ಎಲ್ಎಲ್) ಹಿಡಿದು, ನೂರು ಸಿಸಿ ಬೈಕಿನಲ್ಲಿ ಆರ್‌ಟಿಒ ಟ್ರ್ಯಾಕ್ ಸುತ್ತಿ ಡಿಎಲ್ ಪಡೆದವನು ಮಾರನೆಯ ದಿನ ಸಾವಿರ ಸಿಸಿ ಏರಿದರೂ ಯಾರೂ ಅಡ್ಡ ಬರುವುದಿಲ್ಲ. ಕಾನೂನು ಬಿಟ್ಟುಕೊಟ್ಟ ಈ ವಿವೇಚನೆ ಮನೆಯವರ ಪಾಲಿಗೆ ಬಂದಿದೆ.

ಹೆಚ್ಚು ಶಕ್ತಿ ಹೊಸಬರಿಗೆ ಏಕೆ ಕಷ್ಟ? ‘ಮೆಲ್ಲಗೆ ಹೋದರಾಯಿತಲ್ಲ, ಕೈ ನಮ್ಮದೇ ತಾನೆ’ ಎಂಬ ವಾದವಿದೆ. ತೊಂದರೆಯಿರುವುದು ಆ ಕೈಯಲ್ಲೇ. ಕ್ಲಚ್ ಫಕ್ಕನೆ ಬಿಟ್ಟಾಗ ಗಾಡಿ ಮುಂದಕ್ಕೆ ಹಾರುತ್ತದೆ. ಜಡತ್ವದಿಂದ ಸವಾರನ ಮೈ ಹಿಂದಕ್ಕೆ ಜಗ್ಗುತ್ತದೆ. ಬೀಳದಿರಲು ಅವನು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ. ಹಿಂದಕ್ಕೆ ಸರಿದ ತೋಳು ಬಲ ಮಣಿಕಟ್ಟನ್ನು ಕೆಳಕ್ಕೆಳೆಯುತ್ತದೆ. ಆಕ್ಸಿಲರೇಟರ್ ಮತ್ತಷ್ಟು ತೆರೆಯುತ್ತದೆ, ಗಾಡಿ ಮತ್ತಷ್ಟು ಹಾರುತ್ತದೆ, ಮೈ ಮತ್ತಷ್ಟು ಹಿಂದಕ್ಕೆ ಹೋಗುತ್ತದೆ. ಪರಿಣಾಮವು ತನ್ನ ಕಾರಣವನ್ನೇ ಬೆಳೆಸುವ ಇಂಥ ವರ್ತುಲಕ್ಕೆ ಎಂಜಿನಿಯರುಗಳು ಧನಾತ್ಮಕ ಹಿಮ್ಮಾಹಿತಿ ಎನ್ನುತ್ತಾರೆ. ಟನ್ನಿಗೆ 45 ಕುದುರೆಯ ಗಾಡಿಯಲ್ಲಿ ಈ ವರ್ತುಲ ಬೆಳೆಯುವುದು ನಿಧಾನ. ಎಂಜಿನ್ನು ಕೊಸರಾಡಿ ಆಫ್ ಆಗುವುದೇ ಹೆಚ್ಚು, ಪಕ್ಕದಲ್ಲಿದ್ದವರು ನಗುತ್ತಾರೆ, ಅಷ್ಟೇ. ನಾಲ್ಕು ಪಟ್ಟು ಚುರುಕಾದದ್ದರಲ್ಲಿ ಬುದ್ಧಿ ಎಚ್ಚೆತ್ತು ಕೈಗೆ ಆಜ್ಞೆ ಕೊಡುವ ಒಂದು ಸೆಕೆಂಡಿನೊಳಗೆ ಎದುರಿನ ಗೋಡೆ ಬಂದಿರುತ್ತದೆ. ವಿದ್ಯುತ್ ಬೈಕುಗಳಲ್ಲಿ ಕ್ಲಚ್ಚಿನ ಗೋಜಿಲ್ಲ, ಆಫ್ ಆಗುವ ಭಯವೂ ಇಲ್ಲ. ಆದರೆ ಅವುಗಳ ಮೋಟರು ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡಬಲ್ಲದು. ಹೊಸಬರು ಕೆಲವು ತಿಂಗಳು ಅವುಗಳ ಅತಿ ಮಂದ ಮೋಡಿನಲ್ಲೇ ಇರುವುದು ಲೇಸು.

ಇನ್ನು ತೂಕ. ಓಡುವ ಬೈಕಿನ ತೂಕ ಅಷ್ಟಾಗಿ ಗೊತ್ತಾಗುವುದಿಲ್ಲ. ಅದು ತನ್ನ ಇರವನ್ನು ತೋರಿಸುವುದು ನಿಂತಾಗ, ಅದರಲ್ಲೂ ಓರೆಯಾಗಿ ನಿಂತಾಗ. ಗಾಡಿಯ ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ನೀವು ಹಿಡಿದ ಹ್ಯಾಂಡಲ್ ಒಂದು ಮೀಟರಿನಲ್ಲಿದೆ ಎಂದುಕೊಳ್ಳಿ. ಹತ್ತು ಡಿಗ್ರಿ ವಾಲಿದರೆ 112 ಕಿಲೋ ಗಾಡಿಯನ್ನು ಬೀಳದಂತೆ ಹಿಡಿಯಲು ಸುಮಾರು 10 ಕಿಲೋ ತೂಕದಷ್ಟು ಬಲ ಬೇಕು, 195 ಕಿಲೋ ಕ್ಲಾಸಿಕ್ಕಿಗೆ 17. ಇಪ್ಪತ್ತು ಡಿಗ್ರಿ ವಾಲಿದರೆ 19 ಮತ್ತು 33. ಮೂವತ್ತಕ್ಕೆ 28 ಮತ್ತು 49. ಕಾಲಡಿ ಮರಳೋ ಕೆಸರೋ ಇದ್ದರೆ ಅಕ್ಕಿ ಮೂಟೆಯಷ್ಟು ಭಾರವನ್ನು ಪಕ್ಕಕ್ಕೆ ತಡೆಹಿಡಿಯುವ ಸಾಹಸ ಬೇಡ. ಬಿಟ್ಟು ದೂರ ಸರಿಯುವುದೇ ಬುದ್ಧಿವಂತಿಕೆ. ಹೊಸಬರ ಬಹುಪಾಲು ಬೀಳುವಿಕೆ ಇಂಥದ್ದೇ: ಸಿಗ್ನಲ್ಲಿನಲ್ಲಿ, ಮನೆ ಗೇಟಿನ ಮುಂದಿನ ಇಳಿಜಾರಿನಲ್ಲಿ, ಯೂ-ಟರ್ನ್ ಅರ್ಧಕ್ಕೆ ನಿಂತಾಗ. ಮೂಳೆ ಮುರಿಯುವುದು ಅಪರೂಪ, ಧೈರ್ಯ ಮುರಿಯುವುದು ಸಾಮಾನ್ಯ.

ಸೀಟಿನ ಎತ್ತರದ ಮಾತು ಇಲ್ಲೇ ಬರುತ್ತದೆ. ಸ್ಪ್ಲೆಂಡರಿನದು 785 ಮಿಲಿಮೀಟರ್, ಕ್ಲಾಸಿಕ್ಕಿನದು 805. ಕಾಡುದಾರಿಗೆಂದು ಮಾಡಿದ ಎತ್ತರದ ಬೈಕುಗಳದು 825ರಿಂದ ಮೇಲೆ. ಇಪ್ಪತ್ತು ಮಿಲಿಮೀಟರಿನ ವ್ಯತ್ಯಾಸ ಕಾಗದದಲ್ಲಿ ಏನೂ ಅಲ್ಲ. ಐದಡಿ ಎರಡಂಗುಲದ ಹುಡುಗಿಗೆ ಅದು ಪೂರ್ತಿ ಪಾದ ಊರುವುದಕ್ಕೂ ತುದಿಬೆರಳಲ್ಲಿ ನಿಲ್ಲುವುದಕ್ಕೂ ಇರುವ ಅಂತರ. ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಅಗಲ ಸೀಟು ಕಾಲುಗಳನ್ನು ಹೊರಕ್ಕೆ ಸರಿಸಿ ಎತ್ತರವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದ್ದರಿಂದ ಕರಪತ್ರ ಓದುವುದಕ್ಕಿಂತ ಕೂತು ನೋಡುವುದು ಮೇಲು. ಸೆಂಟರ್ ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಕೂತು ಹ್ಯಾಂಡಲ್ ಅಲುಗಾಡಿಸುವುದರಿಂದ ಏನೂ ತಿಳಿಯದು. ಸ್ಟ್ಯಾಂಡ್ ತೆಗೆಸಿ, ಎಂಜಿನ್ ಆಫ್ ಇರುವಾಗಲೇ ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನೋಡಿ. ಷೋರೂಮಿನವರು ಮುಖ ಸಿಂಡರಿಸಿದರೆ ಪಕ್ಕದ ಷೋರೂಮ್ ಇದ್ದೇ ಇದೆ. ಗೇರಿನ ಕ್ರಮವನ್ನೂ ಕೇಳಿಕೊಳ್ಳಿ: ಕೆಲವು ಕಮ್ಯೂಟರ್ ಬೈಕುಗಳಲ್ಲಿ ಎಲ್ಲ ಗೇರೂ ಒಂದೇ ದಿಕ್ಕಿಗೆ, ಮಿಕ್ಕ ಬಹುತೇಕವುಗಳಲ್ಲಿ ಒಂದು ಕೆಳಕ್ಕೆ, ಉಳಿದದ್ದು ಮೇಲಕ್ಕೆ. ಮನೆಯಲ್ಲೊಂದು, ಸ್ನೇಹಿತನದ್ದೊಂದು ಎಂದು ಎರಡು ಕ್ರಮದಲ್ಲಿ ಏಕಕಾಲಕ್ಕೆ ಕಲಿಯುವುದು ಕಾಲಿಗೆ ಗೊಂದಲ. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಕಿಕ್ ಲಿವರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳಬೇಕಿತ್ತು. ಅದರಲ್ಲಿ ಕಲಿತ ಹಿರಿಯರ ಮುಂದೆ ಈ ದೂರು ಹೇಳಬೇಡಿ.

ಬ್ರೇಕಿನ ವಿಷಯಕ್ಕೆ ಬಂದರೆ ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ಬಂದ ಒಂದು ಉಪದೇಶವಿದೆ: ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ.’ ಇದರಷ್ಟು ಪ್ರೀತಿಯಿಂದ ಕೊಟ್ಟ, ಇದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ಇದು ಎಲ್ಲಿಂದ ಬಂತು ಎನ್ನುವುದು ಸ್ವಾರಸ್ಯದ ವಿಷಯ. ನಾವೆಲ್ಲ ಮೊದಲು ಕಲಿಯುವುದು ಸೈಕಲ್ಲು. ಸೈಕಲ್ ಹಗುರ, ಅದರ ಮೇಲೆ ಕೂತ ಮನುಷ್ಯನೇ ಭಾರ. ಹೀಗಾಗಿ ಇಬ್ಬರ ಒಟ್ಟು ಗುರುತ್ವ ಕೇಂದ್ರ ನೆಲದಿಂದ ಒಂದು ಮೀಟರಿಗೂ ಮೇಲೆ, ಮುಂಚಕ್ರ ನೆಲ ಮುಟ್ಟುವ ಬಿಂದುವಿನಿಂದ ಅರವತ್ತೇ ಸೆಂಟಿಮೀಟರ್ ಹಿಂದೆ. ಇಂಥ ಆಕೃತಿಯಲ್ಲಿ ವೇಗ ಇಳಿಸುವ ತೀವ್ರತೆ ಗುರುತ್ವ ವೇಗೋತ್ಕರ್ಷದ ಅರ್ಧದಷ್ಟಾದರೆ ಸಾಕು, ಹಿಂಚಕ್ರ ಗಾಳಿಗೇಳುತ್ತದೆ. ಸೈಕಲ್ ಪಲ್ಟಿ ಹೊಡೆಯುವುದು ನಿಜ. ಮೋಟಾರ್ ಸೈಕಲ್ಲಿನಲ್ಲಿ ಎಂಜಿನ್ನಿನ ಭಾರ ಕೆಳಗಿದೆ, ಚಕ್ರಗಳ ನಡುವಿನ ಅಂತರ 1.3 ಮೀಟರಿನಷ್ಟು ಉದ್ದ. ಕೇಂದ್ರದ ಎತ್ತರ, ಮುಂಚಕ್ರದಿಂದ ಅದರ ದೂರ ಎರಡೂ ಸುಮಾರು 65 ಸೆಂಟಿಮೀಟರ್. ಅದು ಮಗುಚಲು ಅರ್ಧ ಸಾಲದು, ಹೆಚ್ಚುಕಮ್ಮಿ ಪೂರ್ತಿ ಗುರುತ್ವದಷ್ಟೇ ತೀವ್ರತೆ ಬೇಕು. ಒಣ ಡಾಂಬರಿನಲ್ಲಿ ಸಾಮಾನ್ಯ ಟೈರಿನ ಹಿಡಿತ ಅಷ್ಟಕ್ಕೆ ಸಾಲದು, ಅದರ 0.7ರಷ್ಟಕ್ಕೇ ಮುಗಿದುಹೋಗುತ್ತದೆ. ಎಂದರೆ ಸಾಧಾರಣ ಬೈಕು ಮಗುಚುವ ಮೊದಲು ಜಾರುತ್ತದೆ. ಸೈಕಲ್ಲಿನ ಅನುಭವವನ್ನು ಬೈಕಿಗೆ ಹೊರಿಸಿ ನಾವು ಒಳ್ಳೆಯ ಬ್ರೇಕಿಗೆ ಕೆಟ್ಟ ಹೆಸರು ತಂದೆವು.

ಇದರ ಬೆಲೆ ಎಷ್ಟೆಂದು ನೋಡಿ. ನಿಂತ ಬೈಕಿನಲ್ಲಿ ಭಾರ ಎರಡೂ ಚಕ್ರಕ್ಕೆ ಸಮನಾಗಿ ಹಂಚಿದೆ ಎಂದುಕೊಳ್ಳೋಣ. ಗಟ್ಟಿಯಾಗಿ ಬ್ರೇಕ್ ಹಿಡಿದೊಡನೆ ಜಡತ್ವ ಭಾರವನ್ನು ಮುಂದಕ್ಕೆ ತಳ್ಳುತ್ತದೆ. ಹಿಡಿತದ ಕೊನೆಯ ಮಿತಿಯಲ್ಲಿ ಮುಂಚಕ್ರದ ಪಾಲು ಶೇ. 85, ಹಿಂಚಕ್ರದ ಪಾಲು ಶೇ. 15. ನೆಲಕ್ಕೆ ಒತ್ತಿಕೊಂಡಿರದ ಚಕ್ರಕ್ಕೆ ಘರ್ಷಣೆಯಿಲ್ಲ, ಘರ್ಷಣೆಯಿಲ್ಲದ ಚಕ್ರಕ್ಕೆ ನಿಲ್ಲಿಸುವ ತಾಕತ್ತಿಲ್ಲ. ಗಂಟೆಗೆ 60 ಕಿಲೋಮೀಟರಿನಿಂದ ಎರಡೂ ಬ್ರೇಕ್ ಸರಿಯಾಗಿ ಬಳಸಿದರೆ ಸುಮಾರು 20 ಮೀಟರಿನಲ್ಲಿ ನಿಲ್ಲಬಹುದು. ಬರೀ ಹಿಂದಿನದನ್ನು ತುಳಿದರೆ ಇದೇ ಲೆಕ್ಕದಂತೆ 50 ಮೀಟರ್ ದಾಟುತ್ತದೆ. ನಡುವಿನ ಆ ಮೂವತ್ತು ಮೀಟರಿನಲ್ಲಿ ಒಂದು ಬಸ್ಸು, ಒಂದು ಎಮ್ಮೆ, ಶಾಲೆ ಬಿಟ್ಟು ಬರುವ ನಾಲ್ಕು ಮಕ್ಕಳು ಇರಬಹುದು. ಜೊತೆಗೆ ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಆಗಲೇ 17 ಮೀಟರ್ ಸಾಗಿಹೋಗಿದೆ.

ಮುಂದಿನ ಬ್ರೇಕಿನ ನಿಜವಾದ ಅಪಾಯ ಬೇರೆ. ಭಾರ ಮುಂದಕ್ಕೆ ಬರಲು ಒಂದು ಕ್ಷಣದ ಭಾಗ ಬೇಕು. ಅದಕ್ಕೂ ಮೊದಲೇ ರಪ್ಪನೆ ಅಮುಕಿದರೆ ಚಕ್ರ ಲಾಕ್ ಆಗಿ, ತಿರುಗದೆ ಜಾರುತ್ತದೆ. ಜಾರುವ ಮುಂಚಕ್ರಕ್ಕೆ ದಿಕ್ಕು ಹಿಡಿಯುವ ಶಕ್ತಿ ಇರುವುದಿಲ್ಲ, ಬೈಕು ಕಣ್ಣು ಮಿಟುಕಿಸುವುದರಲ್ಲಿ ಮಲಗುತ್ತದೆ. ಚಕ್ರ ಲಾಕ್ ಆಗುವುದನ್ನು ತಡೆಯುವ ಎಬಿಎಸ್ ಕೆಲಸಕ್ಕೆ ಬರುವುದು ಇಲ್ಲಿ. ಚಕ್ರದ ಜೊತೆ ತಿರುಗುವ ಕಂಡಿಗಳುಳ್ಳ ಬಳೆಯೊಂದನ್ನು ಸೆನ್ಸರ್ ಓದುತ್ತಿರುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಲ್ಲಲು ಹೊರಟರೆ ಎಬಿಎಸ್ ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಬಾರಿ. ಗಾಬರಿಯಾದ ಕೈ ಮಾಡಲಾಗದ ಕೆಲಸವದು. 2019ರ ಏಪ್ರಿಲ್‌ನಿಂದ ನಮ್ಮಲ್ಲಿ 125 ಸಿಸಿ ಮೀರಿದ ದ್ವಿಚಕ್ರಗಳಿಗೆ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಒಂದು ಲಿವರಿನಿಂದ ಎರಡೂ ಚಕ್ರಕ್ಕೆ ಬ್ರೇಕ್ ಹಂಚುವ ಸಿಬಿಎಸ್ ಇದ್ದರೂ ಸಾಕೆಂದರು. ಸಿಬಿಎಸ್ ‘ಮುಂದಿನದನ್ನು ಮುಟ್ಟದ’ ಜನರಿಗಾಗಿ ಹುಟ್ಟಿದ ಉಪಾಯ. ಚಕ್ರ ಲಾಕ್ ಆಗುವುದನ್ನು ಅದು ತಡೆಯುವುದಿಲ್ಲ. ಹಣ ಹೊಂದುವುದಾದರೆ ನಾನು ಹೇಳುವುದು ಇಷ್ಟು: 150–160 ಸಿಸಿಯ, 12ರಿಂದ 16 ಅಶ್ವಶಕ್ತಿಯ, 150 ಕಿಲೋ ಮೀರದ, ಮುಂಚಕ್ರಕ್ಕಾದರೂ ಎಬಿಎಸ್ ಇರುವ ಬೈಕು. ಹೊಂದದಿದ್ದರೆ ನೂರು ಸಿಸಿಯದೇ ಇರಲಿ, ಕೈಯ ಅಭ್ಯಾಸ ಇಮ್ಮಡಿಯಾಗಲಿ. ಎಬಿಎಸ್ ಇಲ್ಲದ ಹಳೆಯ 220 ಸಿಸಿ ಅಗ್ಗವಾಗಿ ಸಿಕ್ಕಿತೆಂದು ತರುವುದು ಬೇಡ.

ತಿರುವಿನಲ್ಲಿ ಇನ್ನೊಂದು ತಮಾಷೆ ಕಾದಿದೆ. ಬೈಕನ್ನು ಎಡಕ್ಕೆ ತಿರುಗಿಸುವುದು ಹೇಗೆ? ‘ಹ್ಯಾಂಡಲನ್ನು ಎಡಕ್ಕೆ ತಿರುಗಿಸಬೇಕು’ ಎಂದು ನೂರಕ್ಕೆ ನೂರು ಜನ ಹೇಳುತ್ತಾರೆ, ಅದು ತಪ್ಪು. ವಿಮಾನ ಹಾರಿಸುವ ಮೊದಲು ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಹತ್ತಾರು ಸೈಕಲ್ ಸವಾರರನ್ನು ಇದೇ ಪ್ರಶ್ನೆ ಕೇಳಿ, ಒಬ್ಬರೂ ಪೂರ್ತಿ ಸರಿಯಾಗಿ ಹೇಳಲಿಲ್ಲವೆಂದು ಬೆರಗಾಗಿದ್ದ. ನಡೆಯುವುದು ಹೀಗೆ: ಮೈ ಮೊದಲು ಹ್ಯಾಂಡಲನ್ನು ಒಂದಿನಿತು ಬಲಕ್ಕೆ ತಿರುಗಿಸುತ್ತದೆ. ಚಕ್ರಗಳು ಬಲಕ್ಕೆ ಸರಿಯುತ್ತವೆ, ಮೇಲಿನ ಭಾರ ಹಿಂದುಳಿದು ಎಡಕ್ಕೆ ವಾಲುತ್ತದೆ. ವಾಲಿದ ಮೇಲೆ ಮುಂಚಕ್ರ ತಾನೇ ಎಡಕ್ಕೆ ಹೊರಳಿ ತಿರುವನ್ನು ಹಿಡಿಯುತ್ತದೆ. ಗಂಟೆಗೆ ಹತ್ತು ಕಿಲೋಮೀಟರಿನಲ್ಲಿ ಈ ಮೊದಲ ಹೆಜ್ಜೆ ಗೊತ್ತೇ ಆಗದು. ನಲವತ್ತರಲ್ಲಿ ಗೊತ್ತಾಗುತ್ತದೆ: ಎಡಕ್ಕೆ ಹೋಗಲು ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಆರ್‌ಟಿಒ ಟ್ರ್ಯಾಕಿನಲ್ಲಿ ಹಾಕಿಸುವ ‘ಎಂಟು’ ಅಳೆಯುವುದು ಮೊದಲ ಬಗೆಯ, ತೆವಳುವ ವೇಗದ ಸಮತೋಲನವನ್ನು. ಚಾರ್ಮಾಡಿ ಘಾಟಿಯ ತಿರುವು ಕೇಳುವುದು ಎರಡನೆಯ ಬಗೆಯದನ್ನು. ಪರೀಕ್ಷೆಯಲ್ಲಿ ಪಾಸಾದ ಕೌಶಲ ಅಲ್ಲಿ ಉಪಯೋಗಕ್ಕೆ ಬರುವುದು ಅಷ್ಟಕ್ಕಷ್ಟೇ.

ಎರಡು ಚಕ್ರದ ಮೇಲೆ ಬೀಳದೆ ಹೋಗುವುದರ ಗುಟ್ಟು ವಿಜ್ಞಾನಿಗಳನ್ನೂ ನೂರು ವರ್ಷ ಆಟ ಆಡಿಸಿದೆ. ತಿರುಗುವ ಚಕ್ರಗಳ ಬುಗುರಿ ಗುಣವೇ ಕಾರಣವೆಂದು ಬಹುಕಾಲ ನಂಬಿದ್ದರು. 1970ರಲ್ಲಿ ಬ್ರಿಟನ್ನಿನ ಡೇವಿಡ್ ಜೋನ್ಸ್ ಆ ಗುಣವನ್ನು ರದ್ದು ಮಾಡಲು ಹಿಮ್ಮುಖ ತಿರುಗುವ ಇನ್ನೊಂದು ಚಕ್ರ ಕಟ್ಟಿದ ಸೈಕಲ್ ಮಾಡಿದ. ಅದನ್ನೂ ಓಡಿಸಬಹುದಾಗಿತ್ತು. ಮುಂಚಕ್ರ ನೆಲ ಮುಟ್ಟುವ ಜಾಗ ಹ್ಯಾಂಡಲಿನ ಅಕ್ಷ ನೆಲ ಸೇರುವ ಜಾಗಕ್ಕಿಂತ ಹಿಂದಿರುವುದೇ ಮುಖ್ಯ ಎಂದ ಅವನು. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇವೆರಡೂ ಇಲ್ಲದೆ ತಾನಾಗಿ ನೇರ ಓಡುವ ಪುಟ್ಟ ಗಾಡಿ ಮಾಡಿ ತೋರಿಸಿದರು. ನಮಗೆ ಇದರಲ್ಲಿ ಉಪಯೋಗಕ್ಕೆ ಬರುವುದು ಇಷ್ಟು: ಓಡುವ ಬೈಕು ನೆಟ್ಟಗಿರಲು ತಾನೇ ಹವಣಿಸುತ್ತದೆ. ಬಿಗಿಹಿಡಿದ ತೋಳುಗಳು ಅದರ ಕೆಲಸಕ್ಕೆ ಅಡ್ಡಿ. ಕುಪ್ಪಳಿಸುವ ರಸ್ತೆಯಲ್ಲಿ ಹೊಸಬರ ಭುಜ ನೋಯುವುದು ಈ ಜಗಳದಿಂದಲೇ.

ತಿರುವಿನಲ್ಲಿ ಎಷ್ಟು ವಾಲಬೇಕೆನ್ನುವುದನ್ನು ವೇಗ ಮತ್ತು ತಿರುವಿನ ತ್ರಿಜ್ಯ ನಿರ್ಧರಿಸುತ್ತವೆ. ಹದಿನೈದು ಮೀಟರ್ ತ್ರಿಜ್ಯದ ಹೇರ್‌ಪಿನ್ನನ್ನು ಗಂಟೆಗೆ 30ರಲ್ಲಿ ತೆಗೆದುಕೊಂಡರೆ 25 ಡಿಗ್ರಿ. 40ಕ್ಕೆ ಏರಿಸಿದರೆ 40 ಡಿಗ್ರಿ. ಒಣ ರಸ್ತೆಯ ಹಿಡಿತ ಮುಗಿಯುವುದು 35ರ ಹತ್ತಿರ. ಹತ್ತೇ ಕಿಲೋಮೀಟರಿನ ಆಸೆ ಸುರಕ್ಷಿತ ತಿರುವನ್ನು ಅಸಾಧ್ಯ ತಿರುವಾಗಿಸಿತು. ಮಳೆಗಾಲದಲ್ಲಿ ಹಿಡಿತ ಇನ್ನೂ ಕಡಿಮೆ, ಬೇಸಿಗೆಯಿಡೀ ಕೂತ ಎಣ್ಣೆ ಮೊದಲ ಮಳೆಗೆ ತೇಲಿ ಬರುವಾಗ ಎಲ್ಲಕ್ಕಿಂತ ಕಡಿಮೆ. ಸುಗ್ಗಿಯ ಕಾಲದಲ್ಲಿ ಬಯಲುಸೀಮೆಯ ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಹುರುಳಿ ಇದ್ದರಂತೂ ಟೈರು ನಿಂತಿರುವುದು ಉರುಳುವ ಕಾಳಿನ ಮೇಲೆ. ಅಲ್ಲಿ ವಾಲಬಾರದು, ಬ್ರೇಕೂ ಹಿಡಿಯಬಾರದು. ಅದಕ್ಕೂ ಮೊದಲೇ ವೇಗ ಇಳಿಸಿ, ನೆಟ್ಟಗೆ ದಾಟಬೇಕು.

ಇಷ್ಟೆಲ್ಲ ಲೆಕ್ಕ ಒಪ್ಪುವುದೇ ಎಂದು ಪರೀಕ್ಷಿಸಲು ಹಳೆಯದೊಂದು ಅಧ್ಯಯನ ಇಂದಿಗೂ ಬೆಲೆಬಾಳುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೊಳಗಾದವರಲ್ಲಿ ಶೇ. 92ರಷ್ಟು ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಜಾರಿಸಿ, ಮುಂದಿನದನ್ನು ಅರೆಬರೆ ಹಿಡಿದು, ಹ್ಯಾಂಡಲ್ ಒತ್ತಿ ತಪ್ಪಿಸಿಕೊಳ್ಳುವುದು ಗೊತ್ತಿಲ್ಲದೆ ಡಿಕ್ಕಿ ಹೊಡೆದವರೇ ಹೆಚ್ಚು. ಅರ್ಧಕ್ಕೂ ಹೆಚ್ಚು ಜನಕ್ಕೆ ರಸ್ತೆಯ ಅನುಭವ ವರ್ಷಗಟ್ಟಲೆ ಇದ್ದರೂ ಆ ನಿರ್ದಿಷ್ಟ ಬೈಕಿನ ಅನುಭವ ಐದು ತಿಂಗಳಿಗಿಂತ ಕಡಿಮೆ. ನನ್ನ ವಾದಕ್ಕೆ ಪೂರ್ತಿ ಒಗ್ಗದ ಅಂಶವೂ ಅದರಲ್ಲಿದೆ, ಮುಚ್ಚಿಡುವುದು ಸರಿಯಲ್ಲ: ದೊಡ್ಡ ಎಂಜಿನ್ನಿನ ಬೈಕುಗಳು ಅಪಘಾತಗಳಲ್ಲಿ ಕಾಣಿಸಿದ್ದು ಅವುಗಳ ಸಂಖ್ಯೆಗೆ ಹೋಲಿಸಿದರೆ ಕಡಿಮೆ. ಅಪಘಾತವಾದಾಗ ಮಾತ್ರ ಗಾಯ ಹೆಚ್ಚು ತೀವ್ರ. ದೊಡ್ಡ ಬೈಕಿನವರು ಸಾಮಾನ್ಯವಾಗಿ ಹಳೆಯ ಸವಾರರು ಎಂಬುದು ಒಂದು ವಿವರಣೆಯಾಗಬಹುದು. ಎದುರಿನ ಕಾರಿನವರು ‘ಬೈಕು ಕಾಣಲೇ ಇಲ್ಲ’ ಎಂದು ಅಡ್ಡ ಬಂದ ಪ್ರಸಂಗಗಳೂ ಅಲ್ಲಿ ವಿಪರೀತ. ನಮ್ಮಲ್ಲಿ 2017ರಿಂದ ಹೊಸ ಬೈಕುಗಳ ದೀಪ ಹಗಲಲ್ಲೂ ಉರಿಯುವುದು ಇಂಥ ಪ್ರಸಂಗಗಳನ್ನು ಕಡಿಮೆ ಮಾಡಲೆಂದೇ. ದಾರಿಯಲ್ಲಿ ಹೋಗುವವರು ಬೆರಳು ಮಡಚಿ ಬಿಚ್ಚಿ ‘ಲೈಟ್ ಆನ್ ಇದೆ’ ಎಂದು ಸನ್ನೆ ಮಾಡಿದರೆ ನಕ್ಕು ಮುಂದೆ ಹೋಗಿ.

ಬೈಕಿನ ಬಜೆಟ್ಟಿನಲ್ಲಿ ಹೆಲ್ಮೆಟ್ಟನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ. 44.5ರಷ್ಟು ದ್ವಿಚಕ್ರದವರು. ಹೆಲ್ಮೆಟ್ ಹಾಕದೆ ಸತ್ತವರು ಐವತ್ತು ಸಾವಿರ. ‘ನಾನು ನಿಧಾನ ಹೋಗ್ತೀನಿ’ ಎಂಬ ಸಮಜಾಯಿಷಿ ಭೌತಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ನಿಂತ ಬೈಕಿನಿಂದ ಬಿದ್ದರೂ ತಲೆ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬರುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಆ ವೇಗ ಮೂರು ಮಿಲಿಮೀಟರಿನಲ್ಲಿ ಸೊನ್ನೆಯಾದರೆ ತಲೆಗೆ ತಗಲುವ ಹೊಡೆತ ಗುರುತ್ವದ ಐನೂರು ಪಟ್ಟು. ಹೆಲ್ಮೆಟ್ಟಿನೊಳಗಿನ ಥರ್ಮೊಕೋಲ್ ಇಪ್ಪತ್ತೈದು ಮಿಲಿಮೀಟರ್ ನಜ್ಜುಗುಜ್ಜಾಗುತ್ತ ನಿಲ್ಲಿಸಿದರೆ ಅರವತ್ತು ಪಟ್ಟು. ಪೊಲೀಸರಿಗಾಗಿ ಹಾಕುವ ಟೋಪಿಯಂಥ ಅರೆ ಹೆಲ್ಮೆಟ್ಟುಗಳಲ್ಲಿ ನಜ್ಜಾಗಲು ಏನೂ ಇರುವುದಿಲ್ಲ. ಐಎಸ್ಐ ಗುರುತು, ಐಎಸ್ 4151 ಎಂಬ ಸಂಖ್ಯೆ ನೋಡಿ ತನ್ನಿ, ಪಟ್ಟಿ ಬಿಗಿಯಿರಿ.

ಗಾಡಿ ಮನೆಗೆ ಬಂದು ಪೂಜೆಯಾಗಿ, ಚಕ್ರದಡಿಯ ನಿಂಬೆಹಣ್ಣು ನುಜ್ಜಾದ ಮೇಲೆ ಒಂದು ಪ್ರಯೋಗ ಬಾಕಿಯಿದೆ. ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ಅದು ಒರಟಾಗಲಿ. ಆಮೇಲೊಂದು ಭಾನುವಾರ ಬೆಳಿಗ್ಗೆ ಜಲ್ಲಿ, ಮರಳು ಇಲ್ಲದ ಖಾಲಿ ರಸ್ತೆಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗಂಟೆಗೆ 20ರಲ್ಲಿ ನೆಟ್ಟಗೆ ಬಂದು, ಗೆರೆ ಮುಟ್ಟಿದೊಡನೆ ಎರಡೂ ಬ್ರೇಕನ್ನು, ಮುಂದಿನದನ್ನು ಹಿಂಡುತ್ತ ಹಿಂಡುತ್ತ, ಹಿಡಿದು ನಿಲ್ಲಿ. ದೂರ ಅಳೆಯಿರಿ. 30ರಲ್ಲಿ ಮತ್ತೊಮ್ಮೆ, ಕೈ ಪಳಗಿದ ಮೇಲೆ 40ರಲ್ಲಿ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 40ರ ದೂರ 20ರ ದೂರದ ನಾಲ್ಕು ಪಟ್ಟು ಇರಬೇಕು. ಪಳಗಿದ ಕೈಗೆ 20ರಿಂದ ಎರಡೂಕಾಲು ಮೀಟರ್, 40ರಿಂದ ಒಂಬತ್ತು ಮೀಟರ್ ಸಾಕು. ಮೊದಲ ದಿನ ನಿಮ್ಮದು ಎರಡು ಪಟ್ಟು ಬಂದೀತು, ಚಿಂತೆಯಿಲ್ಲ. ಅನುಪಾತ ನಾಲ್ಕನ್ನು ಬಹಳ ಮೀರಿದರೆ 40ರಲ್ಲಿ ನಿಮ್ಮ ಬೆರಳುಗಳು ಮುಂದಿನ ಬ್ರೇಕಿಗೆ ಹೆದರಿವೆ ಎಂದರ್ಥ. ಆಗ 30ಕ್ಕೆ ಇಳಿದು ಇನ್ನೊಂದಷ್ಟು ಸುತ್ತು ಹೊಡೆಯಿರಿ, ಅಳತೆಯ ಟೇಪು ಅಲ್ಲೇ ಇರಲಿ.